"ಫೀಚರ್ಸ್" ಅಂದ್ರೆ ಏನ್ರೀ ಡಾಕ್ಟ್ರೇ?

ನಮ್ಮ ಸಾಫ್ಟ್‌ವೇರ್ ಮಂದಿಯಲ್ಲಿ ಹಳೇ ಜೋಕೊಂದಿದೆ. ಸರಿಮಾಡಲಾಗದ ಬಗ್‌ಗೆ 'ಫೀಚರ್' ಅಂತ ಹೆಸರಿಟ್ಟು ಗಿರಾಕಿಗೆ ಒಪ್ಪಿಸಿಬಿಡೋದು. ಆದ್ರೆ ಕ್ಯಾನ್ಸರ್ ರಿಪೋರ್ಟಿನಲ್ಲೂ ಇದೇ ಪದ ಬರೆದು ಕೈತೊಳೆದುಕೊಂಡರೆ ನಗು ಬರಲ್ಲ.

ವಿಷಯ ಗರ್ಭಕೋಶದ ಒಳಪದರದ, ಅಂದ್ರೆ ಎಂಡೋಮೆಟ್ರಿಯಂ ಕ್ಯಾನ್ಸರಿನದು. ರಿಪೋರ್ಟಿನ ಕೊನೆಯಲ್ಲಿ "ವಿತ್ ನ್ಯೂರೋಎಂಡೋಕ್ರೈನ್ ಫೀಚರ್ಸ್" ಅಂತ ಒಂದು ಸಾಲು ಸೇರಿಸಿಬಿಡ್ತಾರೆ. ಈ ಸಾಲಿಗೆ ಕನಿಷ್ಠ ಎರಡು ಅರ್ಥ ಇದೆ ಸ್ವಾಮಿ. ಒಂದು, ಮಾಮೂಲಿ ಎಂಡೋಮೆಟ್ರಿಯಾಯ್ಡ್ ಗೆಡ್ಡೆಯಲ್ಲಿ ಅಲ್ಲೊಂದು ಇಲ್ಲೊಂದು ಕೋಶ ಬಣ್ಣ ಹಿಡಿದಿದೆ ಅಂತ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಇನ್ನೊಂದು, ಗೆಡ್ಡೆಯ ಒಂದು ಭಾಗ ನಿಜವಾದ ನ್ಯೂರೋಎಂಡೋಕ್ರೈನ್ ಕಾರ್ಸಿನೋಮಾ ಅಂತ. ಇದು ನೂರಕ್ಕೆ ಒಂದಕ್ಕಿಂತಲೂ ಕಡಿಮೆ, ಆದ್ರೆ ಬೇಗ ಹರಡುವ ಕೆಟ್ಟ ಜಾತಿ. ಕೀಮೋ ಕೂಡ ಬೇರೆಯಾಗುತ್ತೆ: ಸಾಮಾನ್ಯವಾಗಿ ಕೊಡೋ ಕಾರ್ಬೋಪ್ಲಾಟಿನ್-ಪ್ಯಾಕ್ಲಿಟ್ಯಾಕ್ಸೆಲ್ ಬದಲು, ಶ್ವಾಸಕೋಶದ ಸ್ಮಾಲ್ ಸೆಲ್ ಕ್ಯಾನ್ಸರಿಗೆ ಕೊಡುವ ಹಾಗೆ ಸಿಸ್‌ಪ್ಲಾಟಿನ್-ಎಟೊಪೊಸೈಡ್ ಕೊಡ್ತಾರೆ. ಎರಡಕ್ಕೂ ಒಂದೇ ಸಾಲು ಬರೆದರೆ ಕೀಮೋ ಡಾಕ್ಟ್ರು ಏನು ಮಾಡಬೇಕು, ಕಣಿ ಕೇಳಬೇಕಾ?

ನಮ್ಮ ದೊಡ್ಡಮ್ಮನ ರಿಪೋರ್ಟಿನಲ್ಲಿ ಇದ್ದದ್ದು ಒಂದೇ ಸ್ಟೇನು, ಸಿಡಿ56 ಪಾಸಿಟಿವ್. ಶೇಕಡಾ ಎಷ್ಟು ಅಂತ ಇಲ್ಲ. ಕೇಳಿದ್ದಕ್ಕೆ "ಅದೆಲ್ಲಾ ನಿಮಗೆ ಅರ್ಥ ಆಗಲ್ಲ". ಮೂರು ವಾರ ಮನೇಲಿ ಯಾರಿಗೂ ನಿದ್ದೆ ಇಲ್ಲ. ಬೇರೆ ಕಡೆ ತೋರಿಸಿದ ಮೇಲೆ ಸಿನಾಪ್ಟೊಫೈಸಿನ್, ಕ್ರೋಮೋಗ್ರಾನಿನ್ ಎರಡೂ ನೆಗೆಟಿವ್, ಕೋಶಗಳ ಜೋಡಣೆಯೂ ಆ ಜಾತಿಯದ್ದಲ್ಲ ಅಂತಾಯ್ತು.

ಸಿಡಿ56 ಕತೆಯೇ ಅಷ್ಟು. ಸುಲಭವಾಗಿ ಪಾಸಿಟಿವ್ ಆಗುತ್ತೆ, ಆದ್ರೆ ಈ ಕಾಯಿಲೆಗೇ ಮೀಸಲಾದದ್ದಲ್ಲ. ನಮ್ಮ ರಕ್ತದಲ್ಲಿರೋ ಎನ್‌ಕೆ ಕೋಶಗಳ ಮೇಲೂ ಇರುತ್ತೆ. ಕ್ರೋಮೋಗ್ರಾನಿನ್ ಹೆಚ್ಚು ನಂಬಿಕಸ್ಥ, ಆದ್ರೆ ಸ್ಮಾಲ್ ಸೆಲ್‌ನಲ್ಲಿ ಎಷ್ಟೋ ಸಲ ಕೈಕೊಡುತ್ತೆ. ಹೊಸದಾಗಿ ಬಂದ ಐಎನ್‌ಎಸ್‌ಎಂ1 ಕೂಡ ಒಬ್ಬಂಟಿಯಾಗಿ ತೀರ್ಪು ಕೊಡಲ್ಲ. ಅನ್‌ಡಿಫರೆನ್ಶಿಯೇಟೆಡ್ ಕಾರ್ಸಿನೋಮಾದಲ್ಲೂ ಚದುರಿದಂತೆ ಕೆಲವು ಕೋಶ ಪಾಸಿಟಿವ್ ಬರುತ್ವೆ. ಅದಕ್ಕೇ 2014ರ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣ, ಲಾರ್ಜ್ ಸೆಲ್ ಅನ್ನಬೇಕಾದ್ರೆ ಜೋಡಣೆಯೂ ಹಾಗೆ ಇರಬೇಕು, ಶೇ. 10ಕ್ಕಿಂತ ಹೆಚ್ಚು ಕೋಶ ಬಣ್ಣವೂ ಹಿಡಿದಿರಬೇಕು ಅಂತ ಗೆರೆ ಎಳೆದದ್ದು. ಅಂದ್ರೆ ಮೊದಲು ಕಣ್ಣು, ಆಮೇಲೆ ಸ್ಟೇನು: ಗುಂಪುಗುಂಪಾಗಿ ನಿಂತ ಕೋಶ, ಅಂಚಲ್ಲಿ ಬೇಲಿ ಕಟ್ಟಿದಂಥ ಸಾಲು, ಹೂವಿನಾಕಾರದ ರೊಸೆಟ್, ಒಂದಕ್ಕೊಂದು ಒತ್ತಿಕೊಂಡ ನ್ಯೂಕ್ಲಿಯಸ್ಸು. ಇದ್ಯಾವುದೂ ಇಲ್ಲದೆ ಬರೀ ಒಂದು ಕಂದು ಬಣ್ಣ ನೋಡಿ ಹೆಸರಿಡೋದು, ಒಂದೇ ಟೆಸ್ಟ್ ಕೇಸ್ ಪಾಸಾಯ್ತು ಅಂತ ರಿಲೀಸ್ ಮಾಡಿದ ಹಾಗೆ.

"ಅಪರೂಪದ ಕಾಯಿಲೆ, ಎಲ್ಲರಿಗೂ ನಾಲ್ಕು ಸ್ಟೇನ್ ಮಾಡಿಸಿದ್ರೆ ಬಡವರ ಗತಿ ಏನು?" ಅಂತಾರೆ. ಎಲ್ಲರಿಗೂ ಮಾಡಿ ಅಂತ ಯಾರ್ರೀ ಅಂದ್ರು? ಚೆನ್ನಾಗಿ ಗ್ರಂಥಿ ಕಟ್ಟಿರೋ ಗೆಡ್ಡೆಗೆ ಮಾಡಲೇಬೇಡಿ. ಆದ್ರೆ ಗ್ರಂಥಿಯೇ ಕಾಣದ ಗಟ್ಟಿ ಗೆಡ್ಡೆ ಇದ್ದಾಗ ಮಾಡದೇ ಇರೋದೂ ಅಷ್ಟೇ ತಪ್ಪು. ಮಾಡಿದ್ಮೇಲೆ ಯಾವ ಸ್ಟೇನು, ಎಷ್ಟು ಶೇಕಡಾ, ಸ್ಮಾಲ್ ಸೆಲ್ಲೋ ಲಾರ್ಜ್ ಸೆಲ್ಲೋ, ಬೇರೆ ಜಾತಿ ಬೆರೆತಿದೆಯೋ ಅಂತ ಬರೆಯಕ್ಕೆ ಎರಡು ಸಾಲು ಸಾಕು. ಅದಕ್ಕೆ ದುಡ್ಡು ಬೇಕಿಲ್ಲ.

ಮನೇಲಿ ಯಾರಿಗಾದ್ರೂ ಇಂಥ ಸಾಲು ಬರೆದುಕೊಟ್ರೆ ಸ್ಲೈಡಷ್ಟೇ ಅಲ್ಲ, ಮೇಣದ ಬ್ಲಾಕನ್ನೂ ಕೇಳಿ ತಗೊಳ್ಳಿ. ಹೊಸ ಸ್ಟೇನ್ ಮಾಡಕ್ಕೆ ಬೇಕಾಗೋದು ಅದೇ.