ಕೆಂಪು ಶಾಯಿಯ ಅಪರಾಧ

ಹಳೆಯ ಅಡುಗೆ ಪುಸ್ತಕಗಳಿಗೆ ಈಗ ಒಳ್ಳೆಯ ಕಾಲ ಬಂದಿದೆ. ಅಂಚು ಮುರಿದ ಹಾಳೆ, ಎಣ್ಣೆಜಿಡ್ಡಿನ ರಟ್ಟು, ಪಾವು, ಚಟಾಕು ಎಂಬ ಅಳತೆಗಳನ್ನು ಕಂಡು ‘ಎಷ್ಟು ಚೆಂದ!’ ಎನ್ನುವವರು ನನ್ನ ಶಿಷ್ಯರಲ್ಲಿಯೂ ಬಂಧುಗಳಲ್ಲಿಯೂ ಇದ್ದಾರೆ. ಚೆಂದವೆಂದವರೇ ಮರುಗಳಿಗೆ ಅದನ್ನು ಗ್ರಾಂ, ನಿಮಿಷಗಳಿಗೆ ಇಳಿಸಿ, ಭಾಷೆಯನ್ನು ತಿದ್ದಿ ಶುದ್ಧಪ್ರತಿ ಮಾಡಲು ಹೊರಡುತ್ತಾರೆ. ಇದನ್ನು ನಾನು ಕಟುವಾಗಿ ವಿರೋಧಿಸುತ್ತೇನೆ. ಏಕೆಂದರೆ ಈ ಅಪರಾಧವನ್ನು ನಮ್ಮ ಮನೆಯಲ್ಲಿ ಮೊದಲು ಮಾಡಿದವನು ನಾನೇ.

ಕೈಲಾಂಚದ ನಮ್ಮ ಮನೆಯಲ್ಲಿ ಅಮ್ಮನಿಗೆ ಅಕ್ಷರ ಬಾರದು. ಮದುವೆಯಾಗಿ ಮಾಗಡಿ ಕಡೆಗೆ ಹೊರಡುವ ಮುನ್ನ ಅಕ್ಕ, ಅಮ್ಮ ಹೇಳಿದ ಮಾತನ್ನು ಹೇಳಿದಂತೆಯೇ ಒಂದು ನೋಟ್ ಪುಸ್ತಕದಲ್ಲಿ ಬರೆದುಕೊಂಡಿದ್ದಳು. 1968ರಲ್ಲಿ ಅದು ನನ್ನ ಕೈಗೆ ಬಂತು. ನಾನಾಗ ಹೊಸ ಉಪಾಧ್ಯಾಯ, ಜೇಬಿನಲ್ಲಿ ಕೆಂಪು ಶಾಯಿಯ ಪೆನ್ನು! ‘ಎಸ್ರು ಮಳ್ಳೋವಾಗ ಹಿಟ್ಟು ಹುಯ್ಯಿ’ ಎಂಬುದು ‘ನೀರು ಕುದಿಯುವಾಗ ಹಿಟ್ಟನ್ನು ಹಾಕಬೇಕು’ ಎಂದಾಯಿತು. ‘ಒದ್ದೆ ಕೈಲಿ ಮುಟ್ಟುದ್ರೆ ಅಂಟ್ಬಾರ್ದು, ಅಲ್ಲೀಗಂಟ ಬೇಯ್ಲಿ’ ಎಂಬುದನ್ನು ಹೊಡೆದುಹಾಕಿ ‘ಹತ್ತು ನಿಮಿಷ ಬೇಯಿಸಬೇಕು’ ಎಂದು ಬರೆದೆ. ದುಂಡಗೆ ಪ್ರತಿ ಮಾಡಿದ ಮೇಲೆ ಮೂಲ ಪುಸ್ತಕ ನೀರೊಲೆಗೆ ಹೋಯಿತು. ಅಕ್ಕ ಒಂದು ಮಾತೂ ಆಡಲಿಲ್ಲ.

ಹತ್ತು ನಿಮಿಷ ಯಾವ ಉರಿಯಲ್ಲಿ? ಸೌದೆಯಲ್ಲೋ, ಗ್ಯಾಸಿನಲ್ಲೋ? ಎರಡು ಮುದ್ದೆಗೋ, ಇಪ್ಪತ್ತಕ್ಕೋ? ಅಮ್ಮನ ಒದ್ದೆ ಕೈ ಯಾವ ಒಲೆಗೂ ಸಲ್ಲುವ ಅಳತೆಯಾಗಿತ್ತು. ನನ್ನ ಗಡಿಯಾರ ಒಂದೇ ಒಲೆಗೂ ಸಲ್ಲಲಿಲ್ಲ.

ಸೇರು, ಪಾವು ಈಗಿನವರಿಗೆ ತಿಳಿಯದು, ಬದಲಿಸಿದರೇನು ತಪ್ಪು ಎಂದು ಕೇಳಬಹುದು. ಮೆಟ್ರಿಕ್ ತೂಕಗಳು 1958ರಿಂದ ಹಂತಹಂತವಾಗಿ ಜಾರಿಗೆ ಬಂದವು, ನಿಜ. ಪಾವು ಸೇರಿನ ಕಾಲುಭಾಗ, ಚಟಾಕು ಪಾವಿನ ಕಾಲುಭಾಗ ಎಂಬುದೂ ಸರಳವೇ. ಆದರೆ ಸೇರಿನಲ್ಲಿಯೇ ಕಚ್ಚಾ, ಪಕ್ಕಾ ಎಂಬ ಭೇದವಿತ್ತು. ಕಾಳು ಅಳೆಯುವ ಸೇರು ಬೇರೆ, ಬೆಲ್ಲ ತೂಗುವ ಸೇರು ಬೇರೆ. ಮೂಲವನ್ನು ಅಳಿಸಿ ಕಿಲೋ ಎಂದು ಬರೆದುಬಿಟ್ಟರೆ, ತಪ್ಪಾಗಿದ್ದಲ್ಲಿ ತಿದ್ದಿಕೊಳ್ಳಲು ದಾರಿಯೇ ಉಳಿಯದು. ಗ್ರಾಂ ಬೇಕಾದವರು ಅಂಚಿನಲ್ಲಿ ಬರೆದುಕೊಳ್ಳಲಿ, ಬೇಡವೆಂದವರಾರು?

ಮೂರನೆಯ ಮಂಗರಸ 1508ರ ಸುಮಾರಿಗೆ ‘ಸೂಪಶಾಸ್ತ್ರ’ವನ್ನು ಷಟ್ಪದಿಯಲ್ಲಿ ಬರೆದ. ಅದಕ್ಕೂ ಸುಮಾರು ಐನೂರು ವರ್ಷ ಹಿಂದೆ ಚಾವುಂಡರಾಯ ತನ್ನ ‘ಲೋಕೋಪಕಾರ’ದಲ್ಲಿ ಕೃಷಿಯ ಜೊತೆಗೆ ಅಡುಗೆಗೂ ಜಾಗ ಕೊಟ್ಟ. ಪದ್ಯ ಕಷ್ಟವೆಂದು ಗದ್ಯಾನುವಾದ ಮಾಡಿ ಮಂಗರಸನ ಓಲೆಗರಿಗಳನ್ನು ಒಲೆಗೆ ಹಾಕಿದರೆ ವಿದ್ವಾಂಸರು ಸುಮ್ಮನಿರುವರೇ? ಕವಿಗಿರುವ ಮರ್ಯಾದೆ ಉಪ್ಸಾರು, ಬಸ್ಸಾರು ಬರೆದಿಟ್ಟ ಹೆಂಗಸಿಗೆ ಏಕಿಲ್ಲ? ಮಂಗರಸನ ಕೃತಿಗೆ ಸಂಪಾದಕರಿದ್ದಾರೆ. ಅಕ್ಕನ ಪುಸ್ತಕಕ್ಕೆ ಇದ್ದವನು ನಾನೊಬ್ಬನೇ, ನಾನು ಮಾಡಿದ್ದು ಇದು.

ನಿಮ್ಮ ಮನೆಗಳಲ್ಲಿ ಇಂಥ ಪುಸ್ತಕವಿದ್ದರೆ ದಯಮಾಡಿ ಕಾಗುಣಿತ ತಿದ್ದಬೇಡಿ. ನನ್ನ ತರಗತಿಯಲ್ಲಿ ಕಾಗುಣಿತಕ್ಕಾಗಿ ಏಟು ತಿಂದವರಿಗೆ ಈ ಮಾತು ವಿಚಿತ್ರವೆನಿಸಬಹುದು. ಕಲೆ, ಚಿತ್ತು, ಅಡ್ಡಗೆರೆ ಸಮೇತ ಪ್ರತಿ ಪುಟದ ಚಿತ್ರ ತೆಗೆದಿಡಿ. ಚಿತ್ರ ತೆಗೆದ ಮೇಲೆ ಪುಸ್ತಕವನ್ನು ಬಿಸಾಡಲೂ ಬೇಡಿ.

ಅಕ್ಕ ಈಗಿಲ್ಲ. ಮೊನ್ನೆ ಅವಳ ಮಗಳು ನನ್ನ ಶುದ್ಧಪ್ರತಿಯನ್ನು ಹಿಡಿದು ಬಂದು, “ಮಾವ, ಬಸ್ಸಾರಿಗೆ ಕಟ್ಟು ಎಷ್ಟು ಬಿಡಬೇಕು? ಅಮ್ಮ ಮಾಡಿದಂಗೆ ಬರ್ತಾನೇ ಇಲ್ಲ” ಎಂದಳು. ಅಲ್ಲಿ ‘ಸಾಕಷ್ಟು’ ಎಂದಿದೆ, ಅದು ನನ್ನ ಮಾತು. ನೆನಪಾದಷ್ಟನ್ನು ಅಕ್ಕನ ಭಾಷೆಯಲ್ಲಿಯೇ ಪಕ್ಕದಲ್ಲಿ ಪೆನ್ಸಿಲಿನಿಂದ ಬರೆಯುತ್ತಿದ್ದೇನೆ. ಮುದ್ದೆಯ ಪುಟ ತುಂಬಿತು. ಬಸ್ಸಾರಿನ ಪುಟದಲ್ಲಿ ಅವಳು ಏನು ಬರೆದಿದ್ದಳೋ, ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ.