ಹಳೆಯ ಗಣಕಯಂತ್ರಗಳ ಪುನರುಜ್ಜೀವನ

2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದ ತರುವಾಯ, ಕಚೇರಿಗಳು ಕೈಬಿಟ್ಟ ಗಣಕಯಂತ್ರಗಳು ಡಿಸ್ಕ್ ಬರಿದಾಗಿ ಶಾಲೆಗಳಿಗೆ ದಾನವಾಗಿ ಬರುವುದುಂಟು. ಅವನ್ನು ಗುಜರಿಗೆ ಹಾಕುವುದು ದಾಸೋಹದ ಅನ್ನವನ್ನು ಚೆಲ್ಲಿದಂತೆಯೇ ಸರಿ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸಿಗೆ ವಿಂಡೋಸಿನ ಹಂಗಿಲ್ಲ. ಅದನ್ನು ತುಂಬಿದ ಪೆನ್‌ಡ್ರೈವನ್ನು ಸಿಕ್ಕಿಸಿ, ಬಯೋಸ್‌ನ ಬೂಟ್ ಪಟ್ಟಿಯಲ್ಲಿ ಅದಕ್ಕೆ ಅಗ್ರಸ್ಥಾನವಿತ್ತರೆ ಯಂತ್ರವು ಎಚ್ಚರಗೊಳ್ಳುತ್ತದೆ. ಕಗಪ ಕೀಲಿಮಣೆಯೂ ಲಭ್ಯವಿರುವುದರಿಂದ ಕನ್ನಡ ಅಧ್ಯಾಪಕರು ಅಂಜಬೇಕಾದುದಿಲ್ಲ. ತೀರ ಹಳೆಯ 32 ಬಿಟ್ ಯಂತ್ರಗಳ ಮಾತು ಬೇರೆ. 2025ರ ಡೆಬಿಯನ್ 13 ಅವುಗಳಿಗೆ ಇನ್‌ಸ್ಟಾಲರನ್ನೇ ಕೈಬಿಟ್ಟಿತು. ಉಳಿದವುಗಳಲ್ಲಿ 4 ಜಿಬಿ ಮೆಮೊರಿಯಿದ್ದರೆ, ಹಗುರವಾದ ಲಿನಕ್ಸಿನೊಡನೆ ಶಾಲೆಯ ಪಾಠಕ್ಕೆ ಸಾಕು. ಆದುದರಿಂದ ದಾನಿಗಳು ತಮ್ಮ ಕಡತಗಳನ್ನು ಅವಶ್ಯವಾಗಿ ಅಳಿಸಲಿ. ಡಿಸ್ಕನ್ನೂ ಮೆಮೊರಿಯನ್ನೂ ಮಾತ್ರ ಕಳಚಿಕೊಳ್ಳದೆ ಕೊಡಲಿ.