ಮೆಣಸಿನ ಪುಡಿ ನೋಡಿ ಅತ್ತವಳು!



ಈ ವಾರ ಫೈಟಿಂಗ್ ಇಲ್ಲ, ಡ್ಯುಯೆಟ್ ಇಲ್ಲ, ಯಾರಿಗೂ ಯಾರಿಗೂ ಮಾತು ಬಿಟ್ಟಿದೆಯಂತೆ ಅನ್ನೋ ಗಾಂಧಿನಗರದ ಗುಸುಗುಸುವೂ ಇಲ್ಲ. ಒಬ್ಬ ಮುದುಕಿಯ ಸಮಾಚಾರ. ಪುಟ ತಿರುಗಿಸಬೇಡಿ ಗುರುವೇ, ತಡೀರಿ! ಈ ಮುದುಕಿ ಆಸ್ಕರ್ ಹೊಡೆದವಳು. ಬಾಯಿ ಬಿಟ್ಟರೆ ಬೈಗುಳ, ಟಿವಿಯಲ್ಲಿ ಕುಸ್ತಿ ನೋಡೋ ಹುಚ್ಚು, ಮೊಮ್ಮಕ್ಕಳನ್ನ ಕೂರಿಸಿಕೊಂಡು ಎಲೆ ಆಡೋ ಚಪಲ. ಮೊಮ್ಮಗ ಮೂತ್ರ ಹಿಡಿದು ತಂದು ಸೋಡಾ ಅಂತ ಕುಡಿಸಿದರೂ ನಕ್ಕು ಸುಮ್ಮನಾಗೋ ಆಸಾಮಿ.

ಚಿತ್ರದ ಹೆಸರು 'ಮಿನಾರಿ'. 2020ರಲ್ಲಿ ಸನ್‌ಡ್ಯಾನ್ಸ್ ಉತ್ಸವದಲ್ಲಿ ಮೊದಲ ಪ್ರದರ್ಶನ. ನಿರ್ದೇಶಕ ಲೀ ಐಸಾಕ್ ಚುಂಗ್, ಅಮೆರಿಕಾದಲ್ಲೇ ಹುಟ್ಟಿ ಅರ್ಕಾನ್ಸಾ ರಾಜ್ಯದ ಹಳ್ಳಿಗಾಡಿನಲ್ಲಿ ಬೆಳೆದ ಕೊರಿಯಾ ಮೂಲದವನು. ತನ್ನ ಮನೆ ಕಥೆಯನ್ನೇ ಅಷ್ಟಿಷ್ಟು ಬದಲಾಯಿಸಿ ಸಿನಿಮಾ ಮಾಡಿದ. ಕಾಲ 1980ರ ದಶಕ. ಗಂಡ ಹೆಂಡತಿ ಇಬ್ಬರಿಗೂ ಕೋಳಿಮರಿ ಗಂಡೋ ಹೆಣ್ಣೋ ನೋಡಿ ಬೇರೆ ಮಾಡೋ ಕೂಲಿ. ಗಂಡನಿಗೆ ಸ್ವಂತ ಜಮೀನಿನಲ್ಲಿ ಕೊರಿಯಾದ ತರಕಾರಿ ಬೆಳೆಯೋ ಹುಚ್ಚು. ಮಕ್ಕಳನ್ನು ನೋಡಿಕೊಳ್ಳೋಕೆ ಹೆಂಡತಿಯ ತಾಯಿ ಕೊರಿಯಾದಿಂದ ಬರ್ತಾಳೆ. ಬಂದವಳು ಗಂಟು ಬಿಚ್ಚಿ ಮೆಣಸಿನ ಪುಡಿ, ಒಣಮೀನು ತೆಗೀತಾಳೆ. ಅದನ್ನ ನೋಡಿ ಮಗಳು ಅತ್ತುಬಿಡ್ತಾಳೆ. ಸೀನು ಅಷ್ಟೇ. ಹಿನ್ನೆಲೆಯಲ್ಲಿ ಪಿಟೀಲು ಕುಯ್ಯೋದಿಲ್ಲ, ಡೈಲಾಗಿನ ಸುರಿಮಳೆ ಇಲ್ಲ.

ನಾನು ಈ ಚಿತ್ರ ನೋಡಿದ್ದು ಥಿಯೇಟರಿನಲ್ಲಲ್ಲ. ಸೊರಬದ ನಮ್ಮ ಮನೆಯಲ್ಲಿ, ಫೋನನ್ನ ತಂಬಿಗೆಗೆ ಒರಗಿಸಿ, ಪಕ್ಕದಲ್ಲಿ ಅವ್ವನನ್ನ ಕೂರಿಸಿಕೊಂಡು. ಯಾಕೆ ಅಂತ ಹೇಳ್ತೀನಿ.

ನಮ್ಮಕ್ಕ ಇರೋದು ಅಮೆರಿಕಾದ ನ್ಯೂಜೆರ್ಸಿಯಲ್ಲಿ. ಮನೆಯಲ್ಲಿ ಓದಿದವಳು ಅವಳು. ನಾನು ಪಿಯುಸಿ ಅರ್ಧಕ್ಕೆ ಬಿಟ್ಟು ಶಿಕಾರಿಪುರದಲ್ಲಿ ಬಾಡಿಗೆ ರೂಮು ಹಿಡಿದು, ಸಿಕ್ಕ ಪತ್ರಿಕೆಗೆಲ್ಲ ಬರೆದುಕೊಂಡಿರೋ ಪ್ರಾಣಿ. ಅಪ್ಪ ಹೋದ ಮೇಲೆ ಶನಿವಾರ ಬಂದರೆ ಶಿರಾಳಕೊಪ್ಪದ ಮೇಲೆ ಹೋಗೋ ಬಸ್ಸು ಹಿಡಿದು ಸೊರಬಕ್ಕೆ ಓಡೋನು ನಾನೇ. ಈಗ ಅಕ್ಕನಿಗೆ ಎರಡನೇ ಹೆರಿಗೆ ಹತ್ತಿರ ಬಂದಿದೆ. "ಬಾಣಂತನಕ್ಕೆ ಅವ್ವನ್ನ ಕಳ್ಸು, ಆರು ತಿಂಗಳು ಅಷ್ಟೇ" ಅಂತ ದಿನಾ ಫೋನು. ಪಾಸ್‌ಪೋರ್ಟ್ ಬಂದಾಗಿದೆ, ಚೆನ್ನೈಗೆ ಹೋಗಿ ವೀಸಾ ಸಂದರ್ಶನ ಮುಗಿಸಬೇಕು. ಅವ್ವ ಮಾತ್ರ ಹೂಂ ಅನ್ನೋದಿಲ್ಲ, ಊಹೂಂ ಅನ್ನೋದೂ ಇಲ್ಲ. ಹಸು ಯಾರು ನೋಡ್ತಾರೆ, ಅಲ್ಲಿ ಚಳಿಯಂತೆ... ಹೀಗೆ ಏನೋ ಒಂದು ನೆವ. ಸರಿ, ಒಬ್ಬ ಅಜ್ಜಿ ಅಮೆರಿಕಾಕ್ಕೆ ಹೋದ ಕಥೆ ತೋರಿಸೋಣ, ಧೈರ್ಯ ಬರಲಿ ಅಂತ ನನ್ನ ಲೆಕ್ಕಾಚಾರ. ಚಿತ್ರದ ಕೊನೆಯಲ್ಲಿ ಏನಾಗುತ್ತೆ ಅಂತ ಮೊದಲೇ ವಿಚಾರಿಸಿಕೊಳ್ಳದ ದಡ್ಡ ನಾನು!

ಮೆಣಸಿನ ಪುಡಿ ಸೀನು ಬಂತು. "ಅಕಾ ನೋಡು, ನಾನೂ ಅದನ್ನೇ ಹೇಳಿದ್ದು. ನಿಮ್ಮಕ್ಕ, ಏನೂ ತರಬ್ಯಾಡ, ಇಲ್ಲಿ ಎಲ್ಲಾ ಸಿಗುತ್ತೆ ಅಂತಾಳೆ" ಅಂದಳು ಅವ್ವ. ಅಕ್ಕ ಹೇಳೋದು ಸುಳ್ಳಲ್ಲ. ಪಟೇಲ್ ಬ್ರದರ್ಸ್ ಅಂಗಡಿ 1974ರಲ್ಲೇ ಶಿಕಾಗೋದಲ್ಲಿ ಶುರುವಾಗಿದೆ. ಕೊರಿಯಾದವರಿಗೆ ಎಚ್ ಮಾರ್ಟ್ ಅಂತ ದೊಡ್ಡ ಅಂಗಡಿಗಳಿವೆ. ಅದು ಹುಟ್ಟಿದ್ದು 1982ರಲ್ಲಿ ನ್ಯೂಯಾರ್ಕಿನಲ್ಲಿ. ಅಕ್ಕ ಮೂಲಂಗಿ, ಸೊಪ್ಪು ತರೋದು ಅಲ್ಲಿಂದಲೇ. ಆದರೆ ಅಂಗಡಿ ಪುಡಿ ಬೇರೆ, ಅವ್ವ ಹುರಿದು ಕುಟ್ಟಿದ್ದು ಬೇರೆ ಸ್ವಾಮೀ. ಇನ್ನೊಂದು ತಮಾಷೆ ಕೇಳಿ. ಮೆಣಸಿನಕಾಯಿಯ ತವರೇ ಅಮೆರಿಕಾ ಖಂಡ! ಕೊಲಂಬಸ್ ಹೋಗಿ ಬಂದ ಮೇಲೆ ಪೋರ್ಚುಗೀಸರು ನಮ್ಮ ಕಡೆಗೆ ತಂದರು, ಆಮೇಲೆ ಕೊರಿಯಾಕ್ಕೂ ಹೋಯ್ತು. ಈಗ ಇಬ್ಬರು ಮುದುಕಿಯರು ಅದನ್ನೇ ಗಂಟು ಕಟ್ಟಿ ತವರಿಗೆ ವಾಪಸ್ಸು ಹೊತ್ತುಕೊಂಡು ಹೋಗ್ತಾರೆ!

ಅಕ್ಕನ ಪಕ್ಕದ ಮನೆಯವರೂ ಕೊರಿಯಾ ಮೂಲದವರೇ. ಅವರ ಕಿಮ್ಚಿ ಈಚೆ ಬರುತ್ತೆ, ನಮ್ಮ ಅಪ್ಪೆಮಿಡಿ ಉಪ್ಪಿನಕಾಯಿ ಆಚೆ ಹೋಗುತ್ತೆ. ಎಲೆಕೋಸಿಗೆ ಉಪ್ಪು, ಮೆಣಸಿನ ಪುಡಿ, ಬೆಳ್ಳುಳ್ಳಿ ಹಾಕಿ ಹುಳಿ ಬರಿಸಿದರೆ ಕಿಮ್ಚಿ. ಚಳಿಗಾಲಕ್ಕೆ ಮುಂಚೆ ಊರ ಹೆಂಗಸರು ಸೇರಿ ಹಾಕಿಡೋ ಪದ್ಧತಿಯಂತೆ, ನಮ್ಮಲ್ಲಿ ಮಿಡಿ ಬಂದಾಗ ಭರಣಿ ತುಂಬೋ ಹಾಗೆ. ಅವರ ಬಾಣಂತಿಗೆ ಸಮುದ್ರದ ಪಾಚಿಯ ಸಾರು. ಹುಟ್ಟಿದ ಹಬ್ಬದ ದಿನವೂ ಅದನ್ನೇ ಉಣ್ಣಬೇಕು, ಹೆತ್ತವಳ ನೆನಪಿಗೆ. ಮಗುವಿಗೆ ನೂರು ದಿನವಾದಾಗ ಒಂದು ಊಟ. ವರ್ಷ ತುಂಬಿದಾಗ ಎದುರಿಗೆ ದಾರ, ಪೆನ್ಸಿಲು, ದುಡ್ಡು ಇಟ್ಟು ಮಗು ಯಾವುದಕ್ಕೆ ಕೈ ಹಾಕುತ್ತೆ ನೋಡ್ತಾರೆ. ನಮ್ಮಲ್ಲೂ ಕೆಲವು ಮನೆಗಳಲ್ಲಿ ಅನ್ನಪ್ರಾಶನದ ದಿನ ಹೀಗೇ ಇಡ್ತಾರಲ್ಲ. ನಾನು ಏನು ಮುಟ್ಟಿದ್ದೆ ಅಂತ ಅವ್ವನನ್ನ ಕೇಳಬೇಡಿ. ಪುಸ್ತಕವಂತೂ ಅಲ್ಲ.

ಈ ಜನ ಅಲ್ಲಿಗೆ ಹೋಗಿದ್ದು ಇವತ್ತು ನಿನ್ನೆಯಲ್ಲ. 1903ರ ಜನವರಿ 13ರಂದು ನೂರು ಚಿಲ್ಲರೆ ಜನ 'ಗೇಲಿಕ್' ಅನ್ನೋ ಹಡಗಿನಲ್ಲಿ ಹವಾಯಿಗೆ ಬಂದಿಳಿದರು, ಕಬ್ಬಿನ ತೋಟದ ಕೂಲಿಗೆ. ಆಮೇಲೆ 1965ರ ವಲಸೆ ಕಾಯ್ದೆ ಬಾಗಿಲು ತೆಗೀತು. ಅವರೂ ಹೋದರು, ನಮ್ಮವರೂ ಹೋದರು. 1992ರ ಲಾಸ್ ಏಂಜಲೀಸ್ ಗಲಭೆಯಲ್ಲಿ ಕೊರಿಯಾದವರ ಎರಡು ಸಾವಿರಕ್ಕೂ ಹೆಚ್ಚು ಅಂಗಡಿಗಳು ಲೂಟಿಯಾದವು, ಸುಟ್ಟುಹೋದವು. ಇಷ್ಟೆಲ್ಲ ಆದಮೇಲೂ 2021ರಲ್ಲಿ ಗೋಲ್ಡನ್ ಗ್ಲೋಬ್ ಪ್ರಶಸ್ತಿಯವರು 'ಮಿನಾರಿ'ಯನ್ನ ಕೂರಿಸಿದ್ದು ಪರಭಾಷಾ ಚಿತ್ರದ ಬೆಂಚಿನಲ್ಲಿ! ಅಮೆರಿಕಾದವನ ಚಿತ್ರ, ಅಮೆರಿಕಾದ ದುಡ್ಡು, ಅಮೆರಿಕಾದ ಮಣ್ಣು. ಮಾತು ಮಾತ್ರ ಹೆಚ್ಚು ಪಾಲು ಕೊರಿಯನ್. ಅದೇ ತಪ್ಪಾಯ್ತು.

ನಮ್ಮ ಸಿನಿಮಾದವರೂ ಫಾರಿನ್‌ಗೆ ಹೋಗಿದ್ದಾರೆ ಬಿಡಿ. 1978ರಲ್ಲೇ 'ಸಿಂಗಾಪೂರ್‌ನಲ್ಲಿ ರಾಜಾ ಕುಳ್ಳ' ಆಯ್ತು, ವಿಷ್ಣು-ದ್ವಾರಕೀಶ್ ಜೋಡಿ. 1997ರಲ್ಲಿ ನಾಗತಿಹಳ್ಳಿ ಚಂದ್ರಶೇಖರ್ 'ಅಮೆರಿಕಾ ಅಮೆರಿಕಾ' ಮಾಡಿ ಗೆದ್ದರು. ಹಾಡಿಗೆ ಸೇತುವೆ, ಕಾರು, ಎತ್ತರದ ಕಟ್ಟಡ ಎಲ್ಲ ಬಂದವು. ಅಲ್ಲಿ ಒಗ್ಗರಣೆ ಹಾಕಿದರೆ ಗೋಡೆ ಮೇಲಿನ ಹೊಗೆ ಪೆಟ್ಟಿಗೆ ಕುಂಯ್ ಅಂತ ಅರಚಿಕೊಳ್ಳುತ್ತೆ ಅಂತ ಮಾತ್ರ ನನಗೆ ಯಾವ ಚಿತ್ರವೂ ಹೇಳಲಿಲ್ಲ. ಅಕ್ಕ ಹೇಳಿದಳು.

ಅದಿರಲಿ. ಚಿತ್ರದಲ್ಲಿ ಆ ಪೋರ ಅಜ್ಜಿಯ ಜೊತೆ ಮಲಗೋದಿಲ್ಲ ಅಂತ ಹಟ ಹಿಡೀತಾನೆ. ಅಜ್ಜಿ ಮೈಯಿಂದ ಕೊರಿಯಾ ವಾಸನೆ ಬರುತ್ತೆ ಅಂತಾನೆ. ನಾನು ಅಲ್ಲಿವರೆಗೆ ಒಂದೊಂದು ಮಾತನ್ನೂ ಕನ್ನಡದಲ್ಲಿ ಹೇಳ್ತಾ ಇದ್ದೆ. ಅಲ್ಲಿ ಬಾಯಿ ಕಟ್ಟಿತು. ಯಾಕೆಂದರೆ ಹಿಂದಿನ ಬೇಸಿಗೆಯಲ್ಲಿ ಅಕ್ಕನ ಮಗ ಸೊರಬಕ್ಕೆ ಬಂದಿದ್ದ, ಏಳು ವರ್ಷದವನು. ಅವ್ವ ಎತ್ತಿಕೊಳ್ಳೋಕೆ ಹೋದಾಗ ಮೂಗು ಮುಚ್ಚಿಕೊಂಡು ಇಂಗ್ಲಿಷಿನಲ್ಲಿ ಇದೇ ಅರ್ಥದ ಮಾತು ಅಂದಿದ್ದ. "ಏನಂತಾನೆ?" ಅಂತ ಅವ್ವ ಕೇಳಿದಳು. "ನಿನ್ನ ಸೀರೆ ಚೆಂದ ಇದೆ ಅಂತಾನೆ" ಅಂದಿದ್ದೆ ನಾನು.

ಈಗ ಅವ್ವ ಫೋನಿನಿಂದ ಕಣ್ಣು ತೆಗೀಲಿಲ್ಲ.

"ಇವನೂ ಸೀರೆ ಚೆಂದ ಐತೆ ಅಂದ್ನೇನು?"

ಏನು ಹೇಳಲಿ? ಸುಮ್ಮನೆ ಕೂತೆ. ಅವ್ವ ನಕ್ಕಳು. ಆ ನಗು ನನಗೆ ಇವತ್ತಿಗೂ ಸರಿಯಾಗಿ ಅರ್ಥವಾಗಿಲ್ಲ.

ಕೊನೆ ಭಾಗ ಹೇಳಿಬಿಡ್ತೀನಿ, ಚಿತ್ರ ನೋಡೋರು ಈ ಪ್ಯಾರಾ ಬಿಡಿ. ಅಜ್ಜಿಗೆ ಲಕ್ವ ಹೊಡೆಯುತ್ತೆ. ಒಂದು ದಿನ ಕಸ ಸುಡಲು ಹೋಗಿ, ಅಳಿಯ ಬೆಳೆದ ತರಕಾರಿ ಇಟ್ಟ ಕೊಟ್ಟಿಗೆಗೇ ಬೆಂಕಿ ತಗಲುತ್ತೆ. ಅವ್ವ ಎದ್ದು ಹೋಗಿ ಒಲೆ ಮುಂದೆ ಕೂತಳು. ಸ್ವಲ್ಪ ಹೊತ್ತಿನ ಮೇಲೆ ಅಲ್ಲಿಂದಲೇ ಕೇಳಿದಳು: "ನಾನೂ ಹೋಗಿ ಅವಳ ಮನೆ ಸುಟ್ಟು ಬಿಟ್ರೆ?" ಹಸುವೂ ಅಲ್ಲ, ಚಳಿಯೂ ಅಲ್ಲ, ಇಷ್ಟು ದಿನ ಎದೆಯಲ್ಲಿದ್ದದ್ದು ಇದು. ಭಾಷೆ ಬಾರದ ಊರಲ್ಲಿ ಮಗಳಿಗೇ ಭಾರ ಆಗೋ ಭಯ.

ನಾನು ಆಗ ಆ ಪಾತ್ರ ಮಾಡಿದ ಯುನ್ ಯೋ ಜಾಂಗ್ ಕಥೆ ಹೇಳಿದೆ. ಕೊರಿಯಾದಲ್ಲಿ 1971ರ ಹೊತ್ತಿಗೇ ಹೆಸರಾದ ನಟಿ. ಮದುವೆಯಾಗಿ ಅಮೆರಿಕಾಕ್ಕೆ ಹೋದಳು, 80ರ ದಶಕದಲ್ಲಿ ವಾಪಸ್ಸಾದಳು, ಗಂಡನಿಂದ ಬೇರೆಯಾದಳು. ಇಬ್ಬರು ಗಂಡುಮಕ್ಕಳನ್ನ ಸಾಕೋಕೆ ಸಿಕ್ಕ ಸಣ್ಣ ಪುಟ್ಟ ಪಾರ್ಟನ್ನೆಲ್ಲ ಮಾಡಿದಳು. 2021ರಲ್ಲಿ, 73ನೇ ವಯಸ್ಸಿಗೆ ಪೋಷಕ ನಟಿಯ ಆಸ್ಕರ್! ನಟನೆಗೆ ಆಸ್ಕರ್ ಪಡೆದ ಕೊರಿಯಾದ ಮೊದಲ ಕಲಾವಿದೆ. ವೇದಿಕೆ ಮೇಲೆ, ನನ್ನನ್ನ ಕೆಲಸಕ್ಕೆ ಅಟ್ಟಿದ ಮಕ್ಕಳಿಗೆ ಥ್ಯಾಂಕ್ಸ್ ಅಂತ ಹೇಳಿ ಎಲ್ಲರನ್ನೂ ನಗಿಸಿದಳು. "ಗಟ್ಟಿಗಿತ್ತಿ ಬಿಡು" ಅಂದಳು ಅವ್ವ, ಒಲೆ ಊದುತ್ತಾ.

ಮುಂದಿನ ಶನಿವಾರ ಹೋದಾಗ ಅಂಗಳದ ತುಂಬ ಹಪ್ಪಳ ಒಣಗ್ತಾ ಇತ್ತು. ಬಾಣಂತಿ ಖಾರಕ್ಕೆ ಕಾಳುಮೆಣಸು, ಶುಂಠಿ ಬೇರೆ. ನಾನು ಏನೂ ಕೇಳಲಿಲ್ಲ, ಅವಳೂ ಏನೂ ಹೇಳಲಿಲ್ಲ. ಊಟಕ್ಕೆ ಒಂದೆಲಗದ ತಂಬುಳಿ. ಮಿನಾರಿ ಅಂದರೂ ನೀರಿನ ದಡದಲ್ಲಿ ಬೆಳೆಯೋ ಒಂದು ಸೊಪ್ಪು ಅವ್ವಾ, ಆ ಅಜ್ಜಿ ಊರಿಂದ ಬೀಜ ತಂದು ಹಳ್ಳದ ಬದಿ ಹಾಕಿದ್ದಳಲ್ಲ, ಅದೂ ಒಂದೆಲಗವೂ ಎರಡೂ ಕೊತ್ತಂಬರಿಯ ವಂಶವೇ ಅಂತ ನನ್ನ ಪಾಂಡಿತ್ಯ ಬಿಟ್ಟೆ.

"ಹಂಗಾರೆ ಒಂದೆರಡು ಬೇರು ಕಟ್ಟಿಕೊಳ್ಳಲಾ? ಅಲ್ಲಿ ಕುಂಡದಾಗೆ ನೆಟ್ಟರೆ ಬರ್ತದೆ."

"ಬೀಜ, ಗಿಡ ಎಲ್ಲಾ ವಿಮಾನ ಇಳಿದ ಕೂಡಲೇ ತೋರಿಸಬೇಕವ್ವಾ. ಬಚ್ಚಿಟ್ಟರೆ ದಂಡ ಹಾಕ್ತಾರೆ."

ಅವ್ವ ತಂಬುಳಿ ಬಡಿಸೋದು ನಿಲ್ಲಿಸಿ ನನ್ನ ಮುಖ ನೋಡಿದಳು.

"ಮತ್ತೆ ಆ ಮುದುಕಿ ಹೆಂಗೆ ತಗಂಡು ಹೋದ್ಲು?"